ಇ-ಬೇ ಹರಾಜಿನಲ್ಲಿ ಮಾರಿದ ಎಚ್‌ಎಂಟಿ ವಾಪಸ್ ಬಂದರೆ: ರೀಫಂಡ್, ಕಮಿಷನ್, ಅಂಚೆ ಖರ್ಚಿನ ಲೆಕ್ಕ

ಜನತಾ_17ಜ್ಯೂಯೆಲ್

ಎಲ್ಲರಿಗೂ ನಮಸ್ಕಾರ. ಎಚ್‌ಎಂಟಿ ಜನತಾ, ಕೀಲಿ ಕೊಡುವ ಮಾಡೆಲ್. ಇ-ಬೇ ಡಾಟ್ ಕಾಮ್‌ನಲ್ಲಿ 7 ದಿನದ ಹರಾಜಿಗೆ ಇಟ್ಟಿದ್ದು 62 ಡಾಲರ್‌ಗೆ ಹೋಗಿದೆ, ಶಿಪ್ಪಿಂಗ್ 12 ಡಾಲರ್ ಪ್ರತ್ಯೇಕ. ಕೊಂಡವರು ಅಮೆರಿಕದವರು. ವಾಚ್ ತಲುಪಿದ ಮೇಲೆ "ಡಯಲ್‌ಗೆ ಮತ್ತೆ ಬಣ್ಣ ಹೊಡೆದಿದ್ದಾರೆ, ಒರಿಜಿನಲ್ ಅಲ್ಲ" ಎಂದು ರಿಟರ್ನ್ ತೆರೆದಿದ್ದಾರೆ. ಕಾರಣದ ಜಾಗದಲ್ಲಿ "ವಿವರಣೆಗೆ ತಕ್ಕಂತಿಲ್ಲ" ಎಂದಿದೆ. ಲಿಸ್ಟಿಂಗ್‌ನಲ್ಲಿ ರಿಟರ್ನ್ ಇಲ್ಲ ಅಂತಲೇ ಹಾಕಿರುವುದು.

ರಿಟರ್ನ್ ಇಲ್ಲ ಎಂದ ಮೇಲೂ ಒಪ್ಪಲೇಬೇಕಾ? ಹಣ ವಾಪಸ್ ಕೊಟ್ಟರೆ ಇ-ಬೇ ಹಿಡಿದ ಕಮಿಷನ್ ನಮಗೆ ತಿರುಗಿ ಬರುತ್ತಾ? ವಾಪಸ್ ಬರುವ ಅಂಚೆ ಖರ್ಚು ಯಾರ ತಲೆಗೆ?

ಮಾರಾಟದ_ಮೇಷ್ಟ್ರು

ಮೊದಲು ಗಡುವು ನೋಡಿಕೊಳ್ಳಿ ಸರ್, ಮಿಕ್ಕದ್ದು ಆಮೇಲೆ. ರಿಟರ್ನ್ ತೆರೆದ ದಿನದಿಂದ ನಿಮಗೆ 3 ಕೆಲಸದ ದಿನ. ಅಷ್ಟರಲ್ಲಿ ನೀವು ಉತ್ತರಿಸದಿದ್ದರೆ ಕೊಳ್ಳುಗರು "ಇ-ಬೇ ಮಧ್ಯೆ ಬರಲಿ" ಎಂಬ ಬಟನ್ ಒತ್ತಬಹುದು. ಒತ್ತಿದರೆ ತೀರ್ಮಾನ ನಿಮ್ಮ ಕೈಲಿರಲ್ಲ. ಪೂರ್ತಿ ರೀಫಂಡ್ ಮಾಡಿಸಿ, ಕೇಸು ಮಾರುವವರು ಬಗೆಹರಿಸಲಿಲ್ಲ ಎಂದು ನಿಮ್ಮ ಖಾತೆಗೆ ಕಪ್ಪು ಚುಕ್ಕೆ ಇಡುತ್ತಾರೆ. ಕಳೆದುಕೊಳ್ಳುವ 62 ಡಾಲರ್‌ಗಿಂತ ಆ ಚುಕ್ಕೆ ದುಬಾರಿ.

ನಿಮ್ಮ ಮೊದಲ ಪ್ರಶ್ನೆಗೆ ಬಂದರೆ, "ರಿಟರ್ನ್ ಇಲ್ಲ" ಅನ್ನುವುದು ಮನಸ್ಸು ಬದಲಿಸಿದವರಿಗೆ ಮಾತ್ರ ತಡೆ. "ಕೈಗೆ ಚಿಕ್ಕದಾಯಿತು", "ಹೆಂಡತಿಗೆ ಇಷ್ಟವಾಗಲಿಲ್ಲ" ಎಂದು ತೆರೆದರೆ ನೀವು ನಿರಾಕರಿಸಬಹುದು. "ವಿವರಣೆಗೆ ತಕ್ಕಂತಿಲ್ಲ" ಎಂದರೆ ಇ-ಬೇ ಕೊಳ್ಳುಗರಿಗೆ ಕೊಡುವ ಹಣ ವಾಪಸಿನ ಭರವಸೆ, ಮನಿ ಬ್ಯಾಕ್ ಗ್ಯಾರಂಟಿ, ಅದರ ಕೆಳಗೆ ಬಂತು, ಅಲ್ಲಿ ನಿಮ್ಮ ರಿಟರ್ನ್ ಪಾಲಿಸಿ ಏನಿದ್ದರೂ ಲೆಕ್ಕಕ್ಕಿಲ್ಲ. ವಾಚ್ ತಲುಪಿದ ದಿನದಿಂದ ಅಥವಾ ತಲುಪಬೇಕಿದ್ದ ಕೊನೆಯ ದಿನದಿಂದ 30 ದಿನದೊಳಗೆ ಅವರು ದೂರು ಕೊಡಬಹುದು. ಮೂರನೆಯ ಪ್ರಶ್ನೆಗೂ ಇದೇ ಉತ್ತರ: ಈ ಕಾರಣಕ್ಕೆ ವಾಪಸ್ ಬಂದರೆ ಅಂಚೆ ಖರ್ಚು ಮಾರಿದವರದ್ದು.

ಲಿಸ್ಟಿಂಗ್ ಒಮ್ಮೆ ತೆರೆದು ಐಟಂ ಸ್ಪೆಸಿಫಿಕ್ಸ್ (ವಸ್ತುವಿನ ವಿವರಗಳ ಪಟ್ಟಿ) ಓದಿ. ಮೇಲಿನ ಬರಹದಲ್ಲಿ ನೀವು "ವಿಂಟೇಜ್, ಚೆನ್ನಾಗಿ ಓಡುತ್ತದೆ" ಎಂದಷ್ಟೇ ಬರೆದಿದ್ದರೂ, ಅಲ್ಲಿನ ಡ್ರಾಪ್‌ಡೌನ್‌ನಲ್ಲಿ ಒರಿಜಿನಲ್ ಎಂಬ ಗುರುತು ಎಲ್ಲಾದರೂ ಬಿದ್ದಿದ್ದರೆ ಅದೂ ವಿವರಣೆಯೇ. ಹಾಗಿದ್ದರೆ ವಾದಕ್ಕೆ ಇಳಿಯಬೇಡಿ, ನೇರ ಲೆಕ್ಕಕ್ಕೆ ಬನ್ನಿ.

ಲೆಕ್ಕ_ಪಕ್ಕಾ

ಲೆಕ್ಕ ನಾನು ಹಾಕುತ್ತೇನೆ. ಫೈನಲ್ ವ್ಯಾಲ್ಯೂ ಫೀ, ಅಂದರೆ ಇ-ಬೇ ಕಮಿಷನ್, ಬರೀ ಹರಾಜಿನ ಬೆಲೆಯ ಮೇಲಲ್ಲ. ಬೆಲೆ, ಶಿಪ್ಪಿಂಗ್, ಕೊಳ್ಳುಗರಿಂದ ಇ-ಬೇ ವಸೂಲಿ ಮಾಡುವ ಸೇಲ್ಸ್ ಟ್ಯಾಕ್ಸ್, ಈ ಮೂರೂ ಸೇರಿದ ಮೊತ್ತದ ಮೇಲೆ. ಟ್ಯಾಕ್ಸ್ ನಿಮ್ಮ ಕೈಗೇ ಬರುವುದಿಲ್ಲ, ಆದರೂ ಅದರ ಮೇಲೆ ಕಮಿಷನ್ ಮಾತ್ರ ನೀವೇ ಕಟ್ಟುತ್ತೀರಿ. ಅದರ ಜೊತೆ ಆರ್ಡರ್ ಒಂದಕ್ಕೆ ಇಷ್ಟು ಅಂತ ಇನ್ನೊಂದು ನಿಗದಿ ಶುಲ್ಕ. ನಿಮ್ಮ ಖಾತೆಯ ದರ ಮಾರಾಟಗಾರರ ಪುಟವಾದ ಸೆಲ್ಲರ್ ಹಬ್‌ನ ಪೇಮೆಂಟ್ಸ್‌ನಲ್ಲಿ ಆ ಆರ್ಡರ್ ಒತ್ತಿದರೆ ಸಾಲುಸಾಲಾಗಿ ಕಾಣುತ್ತದೆ. ಇಲ್ಲಿ ವಾಚ್‌ಗೆ 15%, ನಿಗದಿ ಶುಲ್ಕ 40 ಸೆಂಟ್, ಟ್ಯಾಕ್ಸ್ 8% ಎಂದು ಇಟ್ಟುಕೊಳ್ಳುತ್ತೇನೆ.

62 + 12 = 74. ಟ್ಯಾಕ್ಸ್ 5.92. ಒಟ್ಟು 79.92.
ಅದರ 15% ಅಂದರೆ 11.99, ಜೊತೆಗೆ 0.40. ಕಮಿಷನ್ 12.39.
ನಿಮಗೆ ಬಂದದ್ದು 61.61. ಇಲ್ಲಿಂದ ಕಳಿಸಿದ ಅಂಚೆ ಖರ್ಚು 12 ಕಳೆದರೆ ಉಳಿದದ್ದು 49.61.

ಪೂರ್ತಿ ರೀಫಂಡ್ ಕೊಟ್ಟರೆ ಶೇಕಡಾವಾರು ಭಾಗ, ಅಂದರೆ 11.99, ನಿಮಗೆ ಕ್ರೆಡಿಟ್ ಆಗುತ್ತದೆ. 40 ಸೆಂಟ್ ಬರುವುದಿಲ್ಲ. ಕೊಳ್ಳುಗರ ಟ್ಯಾಕ್ಸನ್ನು ಇ-ಬೇಯವರೇ ತಿರುಗಿಸುತ್ತಾರೆ. ಭಾಗಶಃ ರೀಫಂಡ್ ಆದರೆ ಎಷ್ಟು ವಾಪಸ್ ಕೊಟ್ಟಿರೋ ಅಷ್ಟರ ಮೇಲಿನ ಕಮಿಷನ್ ಮಾತ್ರ ತಿರುಗಿ ಬರುತ್ತದೆ.

ಈಗ ನಿಮ್ಮ ಮುಂದಿರುವ ಮೂರು ದಾರಿಯ ತೂಕ ನೋಡಿ. ಅಮೆರಿಕದಿಂದ ಇಲ್ಲಿಗೆ ಟ್ರ್ಯಾಕಿಂಗ್ ಇರುವ ಪೊಟ್ಟಣಕ್ಕೆ 25 ಡಾಲರ್ ಹಿಡಿಯುತ್ತೇನೆ. ವಾಪಸ್ ಬಂದ ವಾಚನ್ನು "ರೀಡಯಲ್" (ಮತ್ತೆ ಬಣ್ಣ ಹೊಡೆದ ಡಯಲ್) ಎಂದು ಬರೆದು ಮತ್ತೆ ಹರಾಜಿಗಿಟ್ಟರೆ 35ಕ್ಕೆ ಹೋಗುತ್ತದೆ ಎಂದುಕೊಳ್ಳಿ. ಮೇಲಿನಂತೆಯೇ ಕಮಿಷನ್, ಅಂಚೆ ಕಳೆದರೆ ಕೈಗೆ ಬರುವುದು 26.99.

ವಾಪಸ್ ತರಿಸಿ ಮತ್ತೆ ಮಾರಿದರೆ: ಕಳಿಸಿದ 12 ಹೋಯಿತು, 0.40 ಹೋಯಿತು, ತರಿಸಲು 25 ಹೋಯಿತು, ಬಂದದ್ದು 26.99. ಕೊನೆಗೆ 10.41 ಡಾಲರ್ ಕೈಯಿಂದ.
ವಾಚ್ ಅವರೇ ಇಟ್ಟುಕೊಳ್ಳಲಿ ಎಂದು ಪೂರ್ತಿ ಹಣ ಕೊಟ್ಟರೆ: 12.40 ಕೈಯಿಂದ.
20 ಡಾಲರ್ ಭಾಗಶಃ ರೀಫಂಡ್‌ಗೆ ಅವರು ಒಪ್ಪಿದರೆ: 49.61ರಲ್ಲಿ 20 ಕಳೆದು, 3.24 ಕಮಿಷನ್ ಕ್ರೆಡಿಟ್ ಕೂಡಿ, 32.85 ಉಳಿಯುತ್ತದೆ.

ವಾಚ್ ಕೊಂಡ ಬೆಲೆ ಮೂರರಲ್ಲೂ ಒಂದೇ, ಅದಕ್ಕೇ ಸೇರಿಸಿಲ್ಲ. ಮೊದಲ ಎರಡರ ನಡುವೆ ಬರೀ 2 ಡಾಲರ್ ವ್ಯತ್ಯಾಸ. ಆ 2 ಡಾಲರ್‌ಗೋಸ್ಕರ ವಾರಗಟ್ಟಲೆ ಪೊಟ್ಟಣದ ಹಿಂದೆ ಓಡಾಡಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಅದನ್ನೂ ಬಿಡಿಸಿಕೊಳ್ಳಬೇಕು.

ಜನತಾ_17ಜ್ಯೂಯೆಲ್

ಅಂದರೆ ಮೊದಲು 20 ಡಾಲರ್ ಕೊಡುತ್ತೇನೆ ಅನ್ನಬೇಕು. ಆರ್ಡರ್ ಪೇಜ್‌ನಲ್ಲೇ "ರೀಫಂಡ್ ಕಳಿಸಿ" ಅಂತ ಇದೆಯಲ್ಲ, ಅಲ್ಲಿಂದ ಕಳಿಸಿಬಿಡಲಾ?

ಮಾರಾಟದ_ಮೇಷ್ಟ್ರು

ಬೇಡ ಬೇಡ. ಅಲ್ಲಿಂದ ಕಳಿಸಿದ ಹಣಕ್ಕೂ ತೆರೆದ ರಿಟರ್ನ್‌ಗೂ ಸಂಬಂಧವಿಲ್ಲ. 20 ಡಾಲರ್ ಅವರ ಕೈ ಸೇರಿದ ಮೇಲೂ ರಿಟರ್ನ್ ತೆರೆದೇ ಇರುತ್ತದೆ, ಉಳಿದದ್ದನ್ನೂ ಕೇಳಬಹುದು. ರಿಟರ್ನ್ ವಿನಂತಿಯ ಒಳಗೆ ಹೋಗಿ "ಭಾಗಶಃ ರೀಫಂಡ್ ಆಫರ್" ಆರಿಸಿ ಮೊತ್ತ ಹಾಕಿ. ಅವರು ಒಪ್ಪಿದರೆ ಹಣವೂ ಹೋಗುತ್ತದೆ, ಕೇಸೂ ಮುಚ್ಚುತ್ತದೆ. ಒಪ್ಪದಿದ್ದರೆ ರಿಟರ್ನ್ ಹಾಗೇ ಮುಂದುವರಿಯುತ್ತದೆ. ಆಫರ್ ಕೊಟ್ಟ ಮಾತ್ರಕ್ಕೆ ಗಡುವು ಮುಂದೆ ಹೋಯಿತು ಎಂದುಕೊಳ್ಳಬೇಡಿ. ಮೊದಲ ದಿನವೇ ಕೊಡಿ, ನಿರಾಕರಿಸಿದರೆ ಮುಂದಿನ ಹೆಜ್ಜೆಗೆ ಸಮಯ ಇರುತ್ತದೆ.

ಜೊತೆಗೆ ಹಾಕುವ ಸಂದೇಶ ನಾಲ್ಕು ಸಾಲು ದಾಟದಿರಲಿ: ಡಯಲ್ ಬಗ್ಗೆ ಅವರು ಹೇಳಿದ್ದು ಗಮನಕ್ಕೆ ಬಂದಿದೆ, ವಾಚ್ ಇಟ್ಟುಕೊಂಡರೆ 20 ಡಾಲರ್ ತಿರುಗಿಸುತ್ತೇನೆ, ಬೇಡವೆಂದರೆ ರಿಟರ್ನ್ ಒಪ್ಪಿ ಅಂಚೆ ಖರ್ಚು ಕೊಡುತ್ತೇನೆ. ಇಷ್ಟೇ. "ಒಳ್ಳೆ ಫೀಡ್‌ಬ್ಯಾಕ್ ಕೊಟ್ಟರೆ ರೀಫಂಡ್" ಎಂಬ ಅರ್ಥ ಬರುವ ಒಂದು ಪದವೂ ಬೇಡ, ಅದು ನೇರ ನಿಯಮ ಉಲ್ಲಂಘನೆ. ವಾಟ್ಸ್ಯಾಪ್‌ಗೋ ಇಮೇಲ್‌ಗೋ ಕರೆಯಬೇಡಿ. ಇ-ಬೇಯವರು ಕೇಸು ನೋಡುವಾಗ ಓದುವುದು ಇ-ಬೇ ಮೆಸೇಜ್‌ಗಳನ್ನು ಮಾತ್ರ.

ಅಂಚೆಯಣ್ಣ

ಲೆಕ್ಕ ಪಕ್ಕಾ ಅವರ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ: ಅಮೆರಿಕದ ಸುಂಕ. 800 ಡಾಲರ್ ಒಳಗಿನ ಪೊಟ್ಟಣಕ್ಕಿದ್ದ ವಿನಾಯಿತಿ 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ಹೋಯಿತು. ಅದೇ ಕಾರಣಕ್ಕೆ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಸುಂಕವನ್ನು ಬುಕಿಂಗ್ ವೇಳೆಯೇ ಕಟ್ಟಿಸಿಕೊಳ್ಳುವ ವ್ಯವಸ್ಥೆಯೊಂದಿಗೆ ಮತ್ತೆ ಶುರು ಮಾಡಿತು. ದರ ಆಗಾಗ ಬದಲಾಗುತ್ತದೆ, ಬುಕ್ ಮಾಡುವ ದಿನ ಕೌಂಟರ್‌ನಲ್ಲಿ ಕೇಳಿಯೇ ಶಿಪ್ಪಿಂಗ್ ಚಾರ್ಜ್ ನಿಗದಿ ಮಾಡಿ. ಈ ಸುಂಕವನ್ನು ಶಿಪ್ಪಿಂಗ್‌ಗೆ ಸೇರಿಸಿ ವಸೂಲಿ ಮಾಡಿದರೆ ಅದರ ಮೇಲೂ ಕಮಿಷನ್ ಬೀಳುತ್ತದೆ. ರಿಟರ್ನ್ ಆದರೆ ಕೊಳ್ಳುಗರಿಗೆ ಅದನ್ನೂ ತಿರುಗಿಸಬೇಕು. ನೀವು ಕಟ್ಟಿದ ಸುಂಕ ಮಾತ್ರ ನಿಮಗೆ ತಿರುಗಿ ಬಂತು ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಹಾಗಾಗಿ ಮೊದಲ ಎರಡು ದಾರಿಯ ನಷ್ಟಕ್ಕೂ ಆ ಮೊತ್ತ ಸೇರಿಸಿಕೊಳ್ಳಿ. ಭಾಗಶಃ ರೀಫಂಡ್ ಇನ್ನೂ ಲಾಭವಾಗಿ ಕಾಣುತ್ತದೆ.

ವಾಪಸ್ ತರಿಸಲೇಬೇಕಾದರೆ: ನಮ್ಮಂಥ ಹೊರದೇಶದ ಮಾರಾಟಗಾರರು ಕೊಳ್ಳುಗರಿಗೆ ಲೇಬಲ್ ಅಥವಾ ಲೇಬಲ್‌ನ ಹಣವನ್ನು ರಿಟರ್ನ್ ವಿನಂತಿಯ ಮೂಲಕವೇ ಕೊಡಬೇಕು. "ನೀವೇ ಹಾಕಿ ಕಳಿಸಿ, ಆಮೇಲೆ ನೋಡೋಣ" ಅಂದರೆ ಅವರು ಕಳಿಸುವುದೂ ಇಲ್ಲ, ಕೇಸು ನಿಮ್ಮ ವಿರುದ್ಧ ಮುಚ್ಚುತ್ತದೆ. ಕಸ್ಟಮ್ಸ್ ಫಾರಂ ಮೇಲೆ "ಭಾರತದಿಂದ ರಫ್ತಾದ ವಸ್ತು, ಮಾರಿದವರಿಗೆ ವಾಪಸ್" ಎಂದು ಇಂಗ್ಲಿಷ್‌ನಲ್ಲಿ ಬರೆಯಲು, ಹೊರಟಾಗಿನ ಟ್ರ್ಯಾಕಿಂಗ್ ನಂಬರ್ ನಮೂದಿಸಲು ಅವರಿಗೆ ಹೇಳಿ. ಈ ಸಾಲು ಇಲ್ಲದಿದ್ದರೆ ಇಲ್ಲಿನ ಫಾರಿನ್ ಪೋಸ್ಟ್ ಆಫೀಸಿಗೆ ಅದು ಮಾಮೂಲಿ ಆಮದು, ಸುಂಕ ಹಾಕುತ್ತಾರೆ.

ತಲುಪಿಲ್ಲ ಎಂಬ ದೂರಿನ ವಿಷಯವೇ ಬೇರೆ. ಅಲ್ಲಿ ವಾದ ಇಲ್ಲ, ಟ್ರ್ಯಾಕಿಂಗ್‌ನಲ್ಲಿ "ಡೆಲಿವರ್ಡ್" ಬಂದಿರಬೇಕು, ಆರ್ಡರ್‌ನ ವಿಳಾಸಕ್ಕೇ ಬಂದಿರಬೇಕು. 750 ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ಆರ್ಡರ್‌ಗೆ ಸಹಿಯ ದಾಖಲೆಯೂ ಬೇಕು. ಕೊಳ್ಳುಗರು ಮೆಸೇಜ್‌ನಲ್ಲಿ "ನನ್ನ ತಂಗಿ ಮನೆ ವಿಳಾಸಕ್ಕೆ ಕಳಿಸಿ" ಅಂದರೆ ಕಳಿಸಬೇಡಿ. ಆರ್ಡರ್ ರದ್ದು ಮಾಡಿ, ಸರಿಯಾದ ವಿಳಾಸದಿಂದ ಮತ್ತೆ ಕೊಳ್ಳಲಿ.

ಹುಬ್ಬಳ್ಳಿ_ಗಡಿಯಾರ

ಎಲ್ಲಾರೂ ರೀಫಂಡ್ ಹೆಂಗ ಕೊಡೋದು ಅಂತ ಹೇಳಾಕತ್ತೀರಿ. ದೂರು ಬರದಂಗ ಲಿಸ್ಟಿಂಗ್ ಬರಿಯೋದು ಹೆಂಗ ಅಂತ ನಾ ಹೇಳ್ತೀನ್ರಿ.

ಎಚ್‌ಎಂಟಿ ವಾಚ್ ವಿಷಯದಾಗ ಹತ್ತಕ್ಕ ಎಂಟು ಜಗಳ ಡಯಲ್‌ದು. 1961ರಾಗ ಬೆಂಗಳೂರಾಗ ಸಿಟಿಜನ್ ಜೊತಿ ಶುರುವಾದ ಕಾರ್ಖಾನಿ, 2016ರಾಗ ಕೇಂದ್ರ ಸರ್ಕಾರ ಮುಚ್ಚಾಕ ಒಪ್ಪಿಗಿ ಕೊಡ್ತು. ಹೊಸಾ ಡಯಲ್ ಎಲ್ಲಿಂದ ಬರಬೇಕ್ರೀ? ಪ್ಯಾಟ್ಯಾಗ ಬಣ್ಣಬಣ್ಣದ ಡಯಲ್ ಹಾಕಿ ಹೊಳಿಯೋ ಮಾಲು ಕಂಡ್ರ ರೀಡಯಲ್ ಅಂತನ ಹಿಡೀರಿ. 10ಎಕ್ಸ್ ಲೂಪ್ (ಹತ್ತು ಪಟ್ಟು ದೊಡ್ಡದು ಮಾಡಿ ತೋರಸೋ ಭೂತಗನ್ನಡಿ) ಹಚ್ಚಿ ನೋಡ್ರಿ: ಅಕ್ಷರದ ಅಂಚು ಹರಡಿದಂಗ ಇರ್ತದ, ನಿಮಿಷದ ಗೆರಿ ಗಂಟೆ ಗುರುತಿನ ನಟ್ಟನಡುವ ಬರೂದಿಲ್ಲ, ಹೊರಗಿನ ಸುತ್ತು ಒಂದ ಕಡೆ ಕೇಸಿನ ಅಂಚಿಗೆ ಹತ್ತಿರ ಇದ್ದು ಇನ್ನೊಂದ ಕಡೆ ದೂರ ಇರ್ತದ. ಮುಳ್ಳು ನಿಮಿಷದ ಗೆರಿ ಮುಟ್ಟಲಿಲ್ಲ ಅಂದ್ರ ಮುಳ್ಳೂ ಬ್ಯಾರೇದ ಅನ್ರಿ.

ಗೊತ್ತಾಗಲಿಲ್ಲ ಅಂದ್ರ "ಒರಿಜಿನಲ್" ಅನ್ನೋ ಮಾತ ಬರೀಬ್ಯಾಡ್ರಿ. ರೀಡಯಲ್ ಆಗಿದ್ರ ಟೈಟಲ್‌ನ್ಯಾಗ ಹಾಕ್ರಿ, ವಿವರಣೆಯ ಮೊದಲ ಸಾಲಿನ್ಯಾಗ ಹಾಕ್ರಿ. ಕೆಳಗ ಎಲ್ಲೋ ಮೂಲಿಯಾಗ ಬರದ್ರ ಬರದಂಗ ಅಲ್ಲ. ಬೆಲಿ ಸ್ವಲ್ಪ ಕಮ್ಮಿ ಬರ್ತದ, ಬರ್ಲಿ.

ಫೋಟೋ ಹಿಂಗಿರ್ಲಿ: ಡಯಲ್ ನೇರಕ್ಕ ಒಂದು, ಓರಿಯಾಗಿ ಬೆಳಕ ಬೀಳಂಗ ಒಂದು, ಹಿಂದಿನ ಮುಚ್ಚಳದ ಹೊರಗ, ಒಳಗ, ಮೂವ್‌ಮೆಂಟ್ (ಒಳಗಿನ ಯಂತ್ರ) ಹತ್ತಿರದಿಂದ, ಕೀಲಿ ಗುಂಡಿ, ಬೆಲ್ಟ್ ಕೂಡೋ ಕಿವಿ. ಪೂರ್ತಿ ಕೀಲಿ ಕೊಟ್ಟು ಡಯಲ್ ಮ್ಯಾಲ ಮಾಡಿ ಟೈಮ್‌ಗ್ರಾಫರ್ (ವಾಚಿನ ಓಟ ಅಳಿಯೋ ಯಂತ್ರ) ಮ್ಯಾಲ ಇಟ್ಟ ಫೋಟೋನೂ ಹಾಕ್ರಿ. ದಿನಕ್ಕ ಎಷ್ಟ ಸೆಕೆಂಡ್ ಹೆಚ್ಚುಕಮ್ಮಿ, ಆಂಪ್ಲಿಟ್ಯೂಡ್ (ಒಳಗಿನ ಚಕ್ರ ಎಷ್ಟ ತೂಗತದ), ಬೀಟ್ ಎರರ್ (ಟಿಕ್‌ಗೂ ಟಾಕ್‌ಗೂ ಇರೋ ವ್ಯತ್ಯಾಸ) ಮೂರೂ ಕಾಣಬೇಕು. "ಟೈಮ್ ಸರಿ ತೋರಸ್ತದ" ಅಂತ ಬರೀಬ್ಯಾಡ್ರಿ, "ಕಳಸೋ ದಿನ ಈ ರೀಡಿಂಗ್ ಇತ್ತು" ಅಂತ ಬರೀರಿ. ವಾಟರ್‌ಪ್ರೂಫ್ ಅನ್ನೋ ಶಬ್ದ ಹಳೇ ವಾಚಿಗೆ ಎಂದೂ ಬ್ಯಾಡ, ಮುಚ್ಚಳದ ಮ್ಯಾಲ ಹಂಗ ಕೊರದಿದ್ರೂ ಬ್ಯಾಡ.

ಹ್ಯಾಂಬರ್ಗ್_ಕನ್ನಡಿಗ

ಯುರೋಪಿಗೆ ಮಾರುವವರಿಗೆ ಎರಡು ಮಾತು. ನೀವು ವ್ಯಾಪಾರಿ ಖಾತೆಯಾಗಿದ್ದರೆ ಇಲ್ಲಿ "ರಿಟರ್ನ್ ಇಲ್ಲ" ಎಂಬ ಆಯ್ಕೆಗೆ ಕಾನೂನಿನಲ್ಲೇ ಜಾಗವಿಲ್ಲ. ಗ್ರಾಹಕರು ವಸ್ತು ಕೈಸೇರಿದ 14 ದಿನದೊಳಗೆ ಕಾರಣ ಹೇಳದೆ ಹಿಂದೆಗೆಯಬಹುದು. ಹರಾಜಿನಲ್ಲಿ ಕೊಂಡದ್ದಕ್ಕೆ ಇದು ಅನ್ವಯಿಸಲ್ಲ ಎಂಬ ವಾದ ಜರ್ಮನಿಯಲ್ಲಿ 2004ರ ನವೆಂಬರ್‌ನಲ್ಲೇ ಬಿದ್ದುಹೋಯಿತು: ಇ-ಬೇ ಹರಾಜಿನಲ್ಲಿ ವ್ಯಾಪಾರಿಯಿಂದ ಕೊಂಡ ಗ್ರಾಹಕನಿಗೂ ಈ ಹಕ್ಕಿದೆ ಎಂದು ಇಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ ತೀರ್ಪು ಕೊಟ್ಟಿದೆ. ಬ್ರಿಟನ್‌ನಲ್ಲೂ 14 ದಿನವೇ. ಬೆಲೆಯ ಜೊತೆ ಮೊದಲು ಕಳಿಸಿದ ಸಾಮಾನ್ಯ ಶಿಪ್ಪಿಂಗ್ ಚಾರ್ಜನ್ನೂ ತಿರುಗಿಸಬೇಕು. ವಾಪಸ್ ಕಳಿಸುವ ಖರ್ಚು ಕೊಳ್ಳುಗರದ್ದು, ಆದರೆ ಅದನ್ನು ಮೊದಲೇ ಸ್ಪಷ್ಟವಾಗಿ ತಿಳಿಸಿದ್ದರೆ ಮಾತ್ರ.

ವ್ಯಾಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಯುರೋಪಿಗೆ 150 ಯೂರೋ, ಬ್ರಿಟನ್‌ಗೆ 135 ಪೌಂಡ್ ವರೆಗಿನ ಪೊಟ್ಟಣದ ವ್ಯಾಟನ್ನು ಇ-ಬೇ ತಾನೇ ವಸೂಲಿ ಮಾಡಿ ಕಟ್ಟುತ್ತದೆ, ರೀಫಂಡ್ ಆದರೆ ತಾನೇ ತಿರುಗಿಸುತ್ತದೆ. ಜರ್ಮನಿಗೆ ಕಳಿಸುವವರು ಪ್ಯಾಕಿಂಗ್ ಸಾಮಗ್ರಿಯ ನೋಂದಣಿ ನಂಬರ್ ಕೊಡಬೇಕು, 2022ರ ಜುಲೈಯಿಂದ ಕಡ್ಡಾಯ. ತಿಂಗಳಿಗೆ ಒಂದೆರಡು ವಾಚ್ ಮಾರುವವರು ಜರ್ಮನಿಯನ್ನು ಶಿಪ್ಪಿಂಗ್ ಪಟ್ಟಿಯಿಂದ ತೆಗೆದುಬಿಡುವುದೇ ಸುಖ. ಇಲ್ಲೇ ಕೂತು ಹೀಗೆ ಹೇಳಲು ಬೇಸರ, ಆದರೆ ಲೆಕ್ಕ ಹಾಗಿದೆ.

ಕಾಯಿನ್_ಕುಮಾರ

ನಡುವೆ ಒಂದು ಪ್ರಶ್ನೆ. ಗೆದ್ದವರು ದುಡ್ಡೇ ಕಟ್ಟದಿದ್ದರೆ ಕಮಿಷನ್ ಬೀಳುತ್ತಾ? ಹಳೇ ಮೈಸೂರು ಸಂಸ್ಥಾನದ ನಾಣ್ಯಗಳನ್ನೂ ಇಡಬೇಕು ಅಂತಿದ್ದೇನೆ.

ಮಾರಾಟದ_ಮೇಷ್ಟ್ರು

ಹಣ ಬಂದ ಮೇಲೆಯೇ ಕಮಿಷನ್, ಕಟ್ಟದಿದ್ದರೆ ಇಲ್ಲ. 4 ದಿನ ಕಾಯಿರಿ. ಐದನೆಯ ದಿನ ಆರ್ಡರ್ ರದ್ದು ಮಾಡಿ, ಕಾರಣ "ಕೊಳ್ಳುಗರು ಹಣ ಕೊಟ್ಟಿಲ್ಲ" ಎಂದೇ ಆರಿಸಿ. ಪಟ್ಟಿಯಲ್ಲಿ "ವಸ್ತು ಲಭ್ಯವಿಲ್ಲ" ಎಂಬುದೂ ಇದೆ, ಕೈತಪ್ಪಿ ಅದನ್ನು ಒತ್ತಿದರೆ ತಪ್ಪು ನಿಮ್ಮದು ಎಂದು ದಾಖಲಾಗುತ್ತದೆ. ಆಮೇಲೆ ಎರಡನೇ ಸ್ಥಾನದವರಿಗೆ ಸೆಕೆಂಡ್ ಚಾನ್ಸ್ ಆಫರ್ ಕಳಿಸಬಹುದು, ಹರಾಜು ಮುಗಿದ 60 ದಿನದವರೆಗೂ ಅವಕಾಶವಿದೆ. ಬೆಲೆ ಅವರು ಕೂಗಿದಷ್ಟೇ. ಆದರೆ ಮೊದಲಿಬ್ಬರೇ ಪೈಪೋಟಿ ಮಾಡಿ ಏರಿಸಿದ್ದು ಅಂತ ಬಿಡ್ ಇತಿಹಾಸದಲ್ಲಿ ಕಂಡರೆ, ಎರಡನೆಯವರೂ ಬಹಳ ಸಲ ಹಿಂದೆ ಸರಿಯುತ್ತಾರೆ. ಮತ್ತೆ ಹರಾಜಿಗಿಡುವುದು ಮೇಲು. ಬೈಯರ್ ರಿಕ್ವೈರ್‌ಮೆಂಟ್ಸ್‌ನಲ್ಲಿ ಹಣ ಕಟ್ಟದ ದಾಖಲೆ ಇರುವವರನ್ನು, ನೀವು ಕಳಿಸದ ದೇಶದವರನ್ನು ತಡೆಯುವ ಎರಡೂ ಗುರುತು ಹಾಕಿಡಿ.

ನಾಣ್ಯದ ವಿಷಯ ನಿಲ್ಲಿಸಿ. 1972ರ ಪುರಾತನ ವಸ್ತುಗಳ ಕಾಯ್ದೆಯಡಿ 100 ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಇದು ರೀಫಂಡ್ ಪ್ರಶ್ನೆಯಲ್ಲ, ಜಪ್ತಿ ಮತ್ತು ಮೊಕದ್ದಮೆಯ ಪ್ರಶ್ನೆ. ಒಳದೇಶದ ಹರಾಜಿಗೆ ಕೊಡಿ.

ಲೆಕ್ಕ_ಪಕ್ಕಾ

ಪುಸ್ತಕದಲ್ಲಿ ಬರೆಯುವ ರೀತಿ, ಜಿಎಸ್‌ಟಿ ನೋಂದಣಿ ಇರುವವರಿಗೆ. ಮಾರಾಟ ಎಂದು 61.61 ಬರೆಯುವವರೇ ಜಾಸ್ತಿ, ಅದು ತಪ್ಪು. ಮಾರಾಟ 74, ಕಮಿಷನ್ 12.39 ಖರ್ಚು. ರೀಫಂಡ್ ಕೊಟ್ಟಾಗ ಮೂಲ ಇನ್‌ವಾಯ್ಸ್ ನಂಬರ್ ಹಾಕಿ ಕ್ರೆಡಿಟ್ ನೋಟ್, ಅದು ಆ ತಿಂಗಳ ಜಿಎಸ್‌ಟಿಆರ್-1ರಲ್ಲಿ ರಫ್ತಿನ ಕ್ರೆಡಿಟ್ ನೋಟ್ ಆಗಿ ಹೋಗಬೇಕು. ಕಮಿಷನ್ ಇನ್‌ವಾಯ್ಸ್ ಮೇಲೆ ವಿದೇಶಿ ಕಂಪನಿ ಹೆಸರಿದ್ದು ಜಿಎಸ್‌ಟಿ ಹಾಕಿಲ್ಲದಿದ್ದರೆ, ಸೇವೆಯ ಆಮದು ಎಂದು ರಿವರ್ಸ್ ಚಾರ್ಜ್‌ನಲ್ಲಿ ನೀವೇ ಕಟ್ಟಿ ಕ್ರೆಡಿಟ್ ತೆಗೆದುಕೊಳ್ಳಬೇಕು.

ವಾಪಸ್ ಬಂದ ಮಾಲಿಗೆ ಸುಂಕ ವಿನಾಯಿತಿ ಇದೆ: 2017ರ ಜೂನ್ 30ರ ಕಸ್ಟಮ್ಸ್ ಅಧಿಸೂಚನೆ 45. ರಫ್ತಾದ 3 ವರ್ಷದೊಳಗೆ ಅದೇ ವಸ್ತು ಎಂದು ತೋರಿಸಬೇಕು. ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಮೇಲೆ ಐಜಿಎಸ್‌ಟಿ ಕಟ್ಟದೆ ಕಳಿಸಿದ್ದರೆ, ಕಟ್ಟದೆ ಉಳಿಸಿದ ಆ ಐಜಿಎಸ್‌ಟಿಯನ್ನು ಈಗ ಕಟ್ಟಬೇಕು. "ಅದೇ ವಸ್ತು" ಎಂದು ತೋರಿಸಲು ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್‌ನಲ್ಲಿ "ವಾಚ್, 1" ಎಂದಷ್ಟೇ ಇದ್ದರೆ ಸಾಲದು. ಮಾಡೆಲ್, ಕೇಸಿನ ಬಣ್ಣ, ಮುಚ್ಚಳದ ಮೇಲಿನ ಮುದ್ರೆ ಬರೆಸಿ.

ಇನ್ನೊಂದು. ರೀಫಂಡ್ ಹಣ ನಿಮ್ಮ ಇ-ಬೇ ಬಾಕಿಯಿಂದ ಮೊದಲು ಹೋಗುತ್ತದೆ. ಬಂದದ್ದನ್ನೆಲ್ಲ ಪೇಯೋನೀರ್ (ಹಣ ವರ್ಗಾವಣೆ ಸೇವೆ) ಮೂಲಕ ಆಗಲೇ ರೂಪಾಯಿ ಮಾಡಿಕೊಂಡಿದ್ದರೆ ಮುಂದಿನ ಮಾರಾಟದ ಹಣ ಹಿಡಿಯುತ್ತಾರೆ ಅಥವಾ ಖಾತೆಗೆ ಜೋಡಿಸಿದ ಕಾರ್ಡಿನಿಂದ ತೆಗೆಯುತ್ತಾರೆ. ಡಾಲರನ್ನು ರೂಪಾಯಿ ಮಾಡುವಾಗಿನ ಕಡಿತ ಯಾರೂ ತಿರುಗಿ ಕೊಡಲ್ಲ. ಪಾವತಿಯನ್ನು ದಿನಕ್ಕೊಮ್ಮೆ ಬದಲು ತಿಂಗಳಿಗೊಮ್ಮೆ ಇಟ್ಟುಕೊಳ್ಳಿ.

ಜನತಾ_17ಜ್ಯೂಯೆಲ್

20 ಡಾಲರ್ ಆಫರ್ ಅವರು ಒಪ್ಪಲಿಲ್ಲ, ವಾಪಸ್ಸೇ ಕಳಿಸುತ್ತೇವೆ ಅಂದರೆ, ಬೇರೆ ವಾಚ್ ಕಳಿಸುವ ಭಯ ಇದೆ. ಖಾಲಿ ಡಬ್ಬ ಬಂದರೂ ಏನು ಮಾಡೋದು?

ಹುಬ್ಬಳ್ಳಿ_ಗಡಿಯಾರ

ಅದಕ್ಕ ಮೂವ್‌ಮೆಂಟ್ ಫೋಟೋ ಅಂದಿದ್ದು. ಹಳೇ ವಾಚಿನ ಸ್ಕ್ರೂ ತಲಿ ಮ್ಯಾಲಿನ ಗೀರು, ಬ್ರಿಜ್ ಮ್ಯಾಲಿನ ಕಲಿ ಎರಡು ವಾಚಿನ್ಯಾಗ ಒಂದ ಥರ ಇರೂದಿಲ್ರಿ. ರಿಪೇರಿ ಮಾಡಿದವರು ಮುಚ್ಚಳದ ಒಳಗ ಸಣ್ಣಗ ಕೊರದ ನಂಬರ್ ಇದ್ರ ಅದನ್ನೂ ತಕ್ಕೊಂಡಿಡ್ರಿ. ಮುಂದ ಕಳಸೋ ಪ್ರತಿಯೊಂದಕ್ಕೂ ಮುಚ್ಚಳದ ಒಳಗ ಪರ್ಮನೆಂಟ್ ಮಾರ್ಕರ್‌ಲೆ ಸಣ್ಣ ಚುಕ್ಕಿ ಇಟ್ಟು ಫೋಟೋ ಹೊಡೀರಿ, ಹೇಳೂದು ಬ್ಯಾಡ.

ಮಾರಾಟದ_ಮೇಷ್ಟ್ರು

ಪೊಟ್ಟಣ ಬಂದ ಮೇಲೆ ನಿಮಗೆ 2 ಕೆಲಸದ ದಿನ, ಅಷ್ಟರಲ್ಲಿ ರೀಫಂಡ್ ಕೊಡಬೇಕು ಅಥವಾ ತೊಂದರೆ ಇದೆ ಎಂದು ವರದಿ ಮಾಡಬೇಕು. ಒಡೆಯುವ ಮುಂಚೆ ಲೇಬಲ್, ಅದರ ಮೇಲಿನ ತೂಕ, ಅಂಟಿಸಿದ ಟೇಪ್ ಮೂರರ ಫೋಟೋ ತೆಗೆಯಿರಿ. ಹೊರಟಾಗ 180 ಗ್ರಾಂ ಇದ್ದದ್ದು ಬಂದಾಗ 90 ಗ್ರಾಂ ಇದ್ದರೆ ಅದೊಂದೇ ಅರ್ಧ ಕೇಸು ಗೆಲ್ಲಿಸುತ್ತದೆ. ವಸ್ತು ಬೇರೆ ಆಗಿದ್ದರೆ ರೀಫಂಡ್ ಒತ್ತಬೇಡಿ. ಒತ್ತಿದ ಮೇಲೆ ವಾದಕ್ಕೆ ಏನೂ ಉಳಿಯಲ್ಲ. ರಿಟರ್ನ್ ಒಳಗೇ "ಬೇರೆ ವಸ್ತು ಬಂದಿದೆ" ಎಂದು ವರದಿ ಮಾಡಿ, ಕಳಿಸಿದ ಫೋಟೋ ಮತ್ತು ಬಂದ ಫೋಟೋ ಪಕ್ಕಪಕ್ಕ ಇಟ್ಟು ಒಂದೇ ಚಿತ್ರವಾಗಿ ಹಾಕಿ.

ಕೇಸು ನಿಮ್ಮ ಪರ ಮುಗಿದರೂ ಕೊಳ್ಳುಗರು ತಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗಿ ಪೇಮೆಂಟ್ ಡಿಸ್ಪ್ಯೂಟ್ (ಪಾವತಿಯ ತಕರಾರು) ಹಾಕಬಹುದು. ಅದಕ್ಕೆ ಉತ್ತರಿಸಲು 5 ದಿನ, ಇಲ್ಲಿ ಭಾನುವಾರವೂ ಲೆಕ್ಕಕ್ಕಿದೆ. ಸೋತು ತಪ್ಪು ನಿಮ್ಮದೆಂದಾದರೆ ರೀಫಂಡ್ ಅಲ್ಲದೆ 20 ಡಾಲರ್ ಡಿಸ್ಪ್ಯೂಟ್ ಶುಲ್ಕ ಪ್ರತ್ಯೇಕ. ಆದ್ದರಿಂದ ಕೇಸು ಮುಚ್ಚಿತು ಅಂತ ಫೋಟೋ ಅಳಿಸಬೇಡಿ, ಟ್ರ್ಯಾಕಿಂಗ್ ಪುಟವನ್ನೂ ಈಗಲೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಕೆಲವು ತಿಂಗಳಾದ ಮೇಲೆ ಅಂಚೆ ವೆಬ್‌ಸೈಟ್‌ನಲ್ಲಿ ಅದು ಸಿಗಲ್ಲ.